ಕೈಯಲ್ಲೇ ಹಿಡಿದು ಫೋಕಸ್ ಸ್ಟ್ಯಾಕಿಂಗ್: ನನ್ನ ಇರುವೆಗೆ ನಾಲ್ಕು ಮೀಸೆ ಬಂದಿದೆ, ಯಾರಾದರೂ ಬಿಡಿಸಿ

ಸೊಗಡು_ಅವರೆ
ಎಲ್ಲರಿಗೂ ನಮಸ್ಕಾರ. ಮಾಗಡಿ ಹತ್ತಿರ ನಮ್ಮ ಮನೆ ಹಿಂದೆ ನಾಲ್ಕು ಸಾಲು ಅವರೆ ಹಾಕಿದ್ದೇವೆ. ಈಗ ಹೂವೂ ಇದೆ, ಎಳೆ ಕಾಯಿಯೂ ಇದೆ. ಕುಡಿಗಳಿಗೆಲ್ಲ ಕರಿ ಹೇನು ಮುತ್ತಿಕೊಂಡಿದೆ. ಹೇನಿನ ಹಿಂಭಾಗದಿಂದ ಬರುವ ಸಿಹಿ ಹನಿ ಕುಡಿಯೋಕೆ ದಪ್ಪ ಗೊದ್ದಗಳು ಬರುತ್ತಿವೆ. ಅಮ್ಮ "ಹೇನು ಬಿದ್ದಿದೆ, ಬೂದಿ ಎರಚೋದು ಬಿಟ್ಟು ಫೋಟೋ ತೆಗೀತಾ ಕೂತಿದ್ದೀಯಾ" ಅಂತ ಬೈಯುತ್ತಿದ್ದಾರೆ. ಇನ್ನು ಒಂದು ವಾರ ಬಿಡಿ ಅಂತ ಕೇಳಿಕೊಂಡಿದ್ದೇನೆ.

ನನ್ನ ಹತ್ತಿರ ಇರೋದು ಕ್ಯಾನನ್ 200ಡಿ, 55-250 ಎಸ್‌ಟಿಎಂ ಲೆನ್ಸ್, ಅದರ ಮೂತಿಗೆ ಹುಳ ದೊಡ್ಡದಾಗಿ ಕಾಣಿಸೋ ರೇನಾಕ್ಸ್ ಡಿಸಿಆರ್-250 ಲೆನ್ಸ್. ಫ್ಲ್ಯಾಶ್ ಗೋಡಾಕ್ಸ್ ಟಿಟಿ600. ಬೆಳಕು ಹರಡಿ ಮೆತ್ತಗೆ ಮಾಡೋ ಡಿಫ್ಯೂಸರ್ ಐಸ್‌ಕ್ರೀಮ್ ಡಬ್ಬ. ಟ್ರೈಪಾಡ್ ಇಟ್ಟು ನೋಡಿದೆ, ಕಾಲು ಬಳ್ಳಿಗೆ ತಾಗಿದ ತಕ್ಷಣ ಇರುವೆಗಳೆಲ್ಲ ಚದುರಿದವು. ಹಾಗಾಗಿ ಕೈಯಲ್ಲೇ ಹಿಡಿದು, ಫೋಕಸ್ ಸ್ವಲ್ಪ ಸ್ವಲ್ಪ ಬದಲಿಸುತ್ತಾ 22 ಫ್ರೇಮ್ ತೆಗೆದೆ. ಎಲ್ಲದರ ಚೂಪು ಭಾಗ ಸೇರಿಸಿ ಒಂದೇ ಫೋಟೋ ಮಾಡೋದು (ಅದೇ ಫೋಕಸ್ ಸ್ಟ್ಯಾಕಿಂಗ್) ಉದ್ದೇಶ. ಫೋಟೋಶಾಪ್‌ನಲ್ಲಿ ಆಟೋ ಅಲೈನ್, ಆಟೋ ಬ್ಲೆಂಡ್ ಕೊಟ್ಟೆ.

ಬಂದದ್ದು ನಾಲ್ಕು ಕುಡಿಮೀಸೆಯ ಗೊದ್ದ. ತಲೆ ಸುತ್ತ ಮಸುಕು ಬೆಳಕಿನ ಅಂಚು. ಫೋಟೋದ ನಾಲ್ಕೂ ಬದಿ ಎಳೆದ ಹಾಗೆ ಗೆರೆಗೆರೆ. ತಪ್ಪು ಸಾಫ್ಟ್‌ವೇರ್‌ದಾ, ನನ್ನದಾ?

ಪಿಕ್ಸೆಲ್_ಪುಟ್ಟಿ
ಎರಡು ಪ್ರಶ್ನೆ. 22 ಫ್ರೇಮ್ ತೆಗೆಯೋಕೆ ಒಟ್ಟು ಎಷ್ಟು ಹೊತ್ತು ಹಿಡಿಯಿತು? ಮತ್ತೆ, "ಫೋಕಸ್ ಬದಲಿಸುತ್ತಾ" ಅಂದರೆ ಲೆನ್ಸ್ ರಿಂಗ್ ತಿರುಗಿಸಿದ್ರಾ, ಕ್ಯಾಮೆರಾ ಮುಂದೆ ತಂದ್ರಾ?

ಸೊಗಡು_ಅವರೆ
ರಿಂಗ್ ತಿರುಗಿಸಿದೆ. ಒಂದು ಕ್ಲಿಕ್, ಸ್ವಲ್ಪ ತಿರುಗಿಸು, ಇನ್ನೊಂದು ಕ್ಲಿಕ್. ಅರ್ಧ ನಿಮಿಷ ಆಗಿರಬಹುದು.

ಪಿಕ್ಸೆಲ್_ಪುಟ್ಟಿ
ಹಾಗಾದರೆ ಸಾಫ್ಟ್‌ವೇರ್ ಪಾಪ, ಅದನ್ನು ಬೈಯಬೇಡಿ. ಅರ್ಧ ನಿಮಿಷದಲ್ಲಿ ಗೊದ್ದ ಮೀಸೆ ಎಷ್ಟು ಸಲ ಬಡಿಯುತ್ತೆ ಎಣಿಸಿ ನೋಡಿ. ನಿಮಗೆ ನಾಲ್ಕೇ ಸಿಕ್ಕಿದ್ದು ಪುಣ್ಯ.

ಇಬ್ಬನಿ_ಬೇಟೆ
ಪುಟ್ಟಿ ಹೇಳಿದ್ದು ಸರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಕಾಫಿ ಇಟ್ಟುಕೊಂಡು ಓದಿ.

ಮೊದಲು ನಿಮ್ಮ ಲೆನ್ಸಿನ ಲೆಕ್ಕ. ರೇನಾಕ್ಸ್ 250 ಅಂದರೆ 8 ಡಯಾಪ್ಟರ್ (ಲೆನ್ಸಿನ ಶಕ್ತಿಯ ಅಳತೆ), ಅದರ ನಾಭಿದೂರ 125 ಮಿ.ಮೀ. ಹಿಂದೆ ಇರುವ ಲೆನ್ಸ್ 250 ಮಿ.ಮೀ.ನಲ್ಲಿ, ಫೋಕಸ್ ಇನ್ಫಿನಿಟಿಯಲ್ಲಿ (ಅತಿ ದೂರಕ್ಕೆ). 250 ಭಾಗಿಸು 125, ಅಂದರೆ 2 ಪಟ್ಟು. 200ಡಿ ಸೆನ್ಸರ್ ಅಗಲ 22.3 ಮಿ.ಮೀ. ಹಾಗಾಗಿ ನಿಮ್ಮ ಫ್ರೇಮಿನಲ್ಲಿ ಎಡದಿಂದ ಬಲಕ್ಕೆ ಹಿಡಿಯೋದು ಬರೀ 11 ಮಿ.ಮೀ. ದೊಡ್ಡ ಗೊದ್ದ ಪೂರ್ತಿ ಹಿಡಿಯೋದೇ ಇಲ್ಲ. ತಲೆ, ಎದೆ, ಪಕ್ಕದಲ್ಲಿ ನಾಲ್ಕು ಹೇನು, ಅಷ್ಟೇ.

ಇಲ್ಲಿ ರೇನಾಕ್ಸ್‌ನ ಒಂದು ಗುಟ್ಟು ಇದೆ. ಮ್ಯಾಕ್ರೋ ಲೆನ್ಸ್‌ನಲ್ಲಿ 1:1ಕ್ಕೆ (ಸೆನ್ಸರ್ ಮೇಲೆ ಹುಳದ ನಿಜ ಗಾತ್ರ) ಹೋದರೆ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್11 ಅಂತ ಇಟ್ಟದ್ದು ನಿಜವಾಗಿ ಎಫ್22ರ ಹಾಗೆ ವರ್ತಿಸುತ್ತೆ. ವರ್ಧನೆ ಹೆಚ್ಚಾದಷ್ಟೂ ಬೆಳಕು ಸೋರುತ್ತಾ ಹೋಗುತ್ತೆ. ಇನ್ಫಿನಿಟಿಯಲ್ಲಿ ಇರುವ ಲೆನ್ಸ್ ಮೂತಿಗೆ ರೇನಾಕ್ಸ್ ಹಾಕಿದಾಗ ಆ ಸೋರಿಕೆ ಇಲ್ಲ. ಎಫ್16 ಅಂದರೆ ಹೆಚ್ಚುಕಮ್ಮಿ ಎಫ್16ವೇ. ಅದಕ್ಕೇ ಮ್ಯಾಕ್ರೋ ಲೆನ್ಸ್ ಇರುವವರು ಎಫ್8ರ ಆಸುಪಾಸು ನಿಲ್ಲುವಾಗ ನೀವು ಧೈರ್ಯವಾಗಿ ಎಫ್14, ಎಫ್16 ಇಡಬಹುದು. ಅದರಾಚೆ ಹೋಗಬೇಡಿ, ಕಿಂಡಿ ತೀರಾ ಚಿಕ್ಕದಾಗಿ ಬೆಳಕು ಚದುರುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಮೆತ್ತಗಾಗುತ್ತೆ.

ಎಫ್16ರಲ್ಲಿ, 2 ಪಟ್ಟು ವರ್ಧನೆಯಲ್ಲಿ, ಚೂಪಾಗಿ ಕಾಣೋ ಆಳ ಸುಮಾರು 0.16 ಮಿ.ಮೀ. ಎರಡು ಹಾಳೆ ಎ4 ಪೇಪರ್ ಒಂದರ ಮೇಲೊಂದು ಇಟ್ಟರೆ ಎಷ್ಟು ದಪ್ಪವೋ ಅದಕ್ಕಿಂತ ಕಮ್ಮಿ. ಫ್ರೇಮ್‌ಗಳು ಒಂದರ ಮೇಲೊಂದು ಸ್ವಲ್ಪ ಹತ್ತಬೇಕು, ಮೂರರಲ್ಲೊಂದು ಪಾಲಾದರೂ. ಹಾಗಾಗಿ ಹೆಜ್ಜೆ 0.11 ಮಿ.ಮೀ. ಗೊದ್ದವನ್ನು ಪಕ್ಕದಿಂದ ತೆಗೆದರೆ ಹತ್ತಿರದ ಕಣ್ಣಿನಿಂದ ತಲೆಯ ನಡುಗೆರೆವರೆಗೆ 1 ಮಿ.ಮೀ. ಅಂತ ಇಟ್ಟುಕೊಳ್ಳಿ. 9 ಫ್ರೇಮ್ ಸಾಕು. ನೀವು 22 ತೆಗೆದಿದ್ದೀರಿ. ಉಳಿದ 13 ಫ್ರೇಮ್ ಕೊಟ್ಟದ್ದು ಬರೀ ಮೀಸೆ.

ಇನ್ನು ರಿಂಗ್. ಅದನ್ನು ಮುಟ್ಟಲೇಬೇಡಿ. ಮ್ಯಾನುವಲ್ ಫೋಕಸ್‌ಗೆ ಹಾಕಿ ಇನ್ಫಿನಿಟಿಯಲ್ಲಿ ಬಿಟ್ಟುಬಿಡಿ. ಫೋಕಸ್ ಮಾಡೋದು ಕ್ಯಾಮೆರಾ ಮುಂದೆ ಸರಿಸಿ. ಬರ್ಸ್ಟ್ ಹಾಕಿ, ಬಟನ್ ಒತ್ತಿಹಿಡಿದಷ್ಟೂ ಒಂದರ ಹಿಂದೊಂದು ಕ್ಲಿಕ್ ಆಗುತ್ತೆ. 200ಡಿ ಸೆಕೆಂಡಿಗೆ 5 ಫ್ರೇಮ್ ಕೊಡುತ್ತೆ. 9 ಫ್ರೇಮ್ ಅಂದರೆ ಎರಡು ಸೆಕೆಂಡಿನೊಳಗೆ ಕೆಲಸ ಮುಗೀಬೇಕು.

ಈಗ ಕಷ್ಟದ ಮಾತು. ಸೆಕೆಂಡಿಗೆ 5 ಫ್ರೇಮ್, ಹೆಜ್ಜೆಗೆ 0.11 ಮಿ.ಮೀ. ಅಂದರೆ ನೀವು ಸೆಕೆಂಡಿಗೆ ಅರ್ಧ ಮಿಲಿಮೀಟರ್ ವೇಗದಲ್ಲಿ ಮುಂದೆ ಹೋಗಬೇಕು. ಮನುಷ್ಯರಿಗೆ ಇದು ಆಗೋ ಕೆಲಸ ಅಲ್ಲ. ಸುಮ್ನೆ ನಿಂತರೂ ನಮ್ಮ ಮೈ ಇದಕ್ಕಿಂತ ಜಾಸ್ತಿ ಓಲಾಡುತ್ತೆ. ಬರೀ ಗಾಳಿಯಲ್ಲಿ ಕ್ಯಾಮೆರಾ ಹಿಡಿದು ಸ್ಟ್ಯಾಕ್ ಮಾಡುತ್ತೇನೆ ಅನ್ನೋದು ಅದೃಷ್ಟದ ಆಟ. ಇದಕ್ಕೆ ಉಪಾಯ ಇರೋದು ಎಡಗೈಯಲ್ಲಿ.

ಎಡಗೈ ಹೆಬ್ಬೆರಳು, ತೋರುಬೆರಳಿನಿಂದ ಅವರೆ ಕಾಂಡವನ್ನು ಮೆಲ್ಲಗೆ ಹಿಡಿಯಿರಿ. ಹೇನು ಇರುವ ಜಾಗದಿಂದ ನಾಲ್ಕು ಬೆರಳು ಕೆಳಗೆ. ಅದೇ ಕೈಯ ಮಣಿಕಟ್ಟಿನ ಹತ್ತಿರದ ದಪ್ಪ ಮಾಂಸದ ಮೇಲೆ ಲೆನ್ಸ್ ಮೂತಿ ಕೂರಿಸಿ. ರೇನಾಕ್ಸ್ 250ಕ್ಕೆ ಹುಳ ಸುಮಾರು 11-12 ಸೆಂ.ಮೀ. ದೂರದಲ್ಲಿ ಇರಬೇಕು. ನಿಮ್ಮ ಬೆರಳ ತುದಿಯಿಂದ ಮಣಿಕಟ್ಟಿಗೆ ಸ್ವಲ್ಪ ಹೆಚ್ಚುಕಮ್ಮಿ ಅಷ್ಟೇ ದೂರ, ನೋಡಿಕೊಳ್ಳಿ. ಈಗ ಗಿಡ, ಕೈ, ಲೆನ್ಸ್ ಮೂರೂ ಒಂದೇ ವಸ್ತು. ಗಾಳಿ ಬಂದರೆ ಮೂರೂ ಒಟ್ಟಿಗೆ ಅಲ್ಲಾಡುತ್ತವೆ. ನೀವೂ ಅಲ್ಲಾಡುತ್ತೀರಿ, ಚಿಂತೆ ಇಲ್ಲ, ಹುಳವೂ ನಿಮ್ಮ ಜೊತೆಗೇ ಬರುತ್ತೆ.

ಮುಂದೆ ಸರಿಯೋದು ಹೇಗೆ? ತೋಳು ಚಾಚಬೇಡಿ, ಸೊಂಟ ಬಗ್ಗಿಸಬೇಡಿ. ಲೆನ್ಸಿನ ಭಾರವನ್ನು ಅಂಗೈ ಮಾಂಸದ ಮೇಲೆ ಒಂಚೂರು ಒತ್ತಿ. ಮಾಂಸ ತಗ್ಗುತ್ತೆ, ಲೆನ್ಸ್ ಒಂದೆರಡು ಮಿ.ಮೀ. ಮುಂದೆ ಹೋಗುತ್ತೆ. ಚಪಾತಿ ಹಿಟ್ಟಿಗೆ ಅಂಗೈ ಒತ್ತುತ್ತೀರಲ್ಲ, ಅದರ ಹತ್ತನೇ ಒಂದು ಪಾಲು. ಹುಳದ ಹತ್ತಿರದ ಭಾಗ ಚೂಪಾಗೋಕೆ ಒಂದು ಕೂದಲು ಮುಂಚೆಯೇ ಬಟನ್ ಒತ್ತಿ, ದಾಟಿದ ಮೇಲೆ ಬಿಡಿ. ಉಸಿರು ಪೂರ್ತಿ ಹೊರಗೆ ಬಿಟ್ಟ ಮೇಲೆ ಒಂದೆರಡು ಸೆಕೆಂಡು ಮೈ ತಾನಾಗಿ ನಿಲ್ಲುತ್ತೆ. ಬರ್ಸ್ಟ್ ಆಗ. ಉಸಿರು ಕಟ್ಟಿ ಹಿಡಿದರೆ ಎದೆ ಬಡಿತ ಕೈಗೆ ಬರುತ್ತೆ, ಹಾಗೆ ಮಾಡಬೇಡಿ.

ಒಂದು ಸಲಕ್ಕೆ ಸರಿ ಬರೋದಿಲ್ಲ. ಅದೇ ಭಂಗಿಯಲ್ಲಿ ಮೂರು ನಾಲ್ಕು ಸಲ ಹೋಗಿ. ಮನೆಗೆ ಬಂದು ಯಾವ ಸಲ ಹೆಜ್ಜೆ ಸಮವಾಗಿ ಬಿದ್ದಿದೆಯೋ ಅದನ್ನು ಇಟ್ಟುಕೊಳ್ಳಿ.

ಫ್ಲ್ಯಾಶ್ ಬಗ್ಗೆ ಊಟ ಆದಮೇಲೆ ಬರೆಯುತ್ತೇನೆ.

ಧಾರವಾಡ_ಫೇಡಾ
ಎಲ್ಲಾ ಖರೆ, ಆದರ ನಾನು ಒಂದು ಮಾತು ಹೇಳತೀನ್ರಿ. ಹತ್ತು ವರ್ಷದಿಂದ ಮ್ಯಾಕ್ರೋ ಮಾಡತೀನಿ, ಸ್ಟ್ಯಾಕ್ ಮಾಡಿದ್ದು ಕೈಬೆರಳಿನಷ್ಟ. ಕೋನ ಸರಿ ಇಟ್ಟರ ಒಂದ ಫ್ರೇಮ್ ಸಾಕು. ಹುಳದ ಮೈ ಎತ್ತಾಗ ಮಲಗೇದ, ಸೆನ್ಸರ್ ಅತ್ತಾಗ ಸಮಾನಾಂತರ ಇಡ್ರಿ. ಕಣ್ಣು, ಬಾಯಿ, ಮುಂದಿನ ಕಾಲು ಒಂದ ಪಾತಳಿಗೆ ಬಂದು ಕೂಡತಾವ. ಹಿಂದಿನ ಕಾಲು ಮಸುಕಾದರ ಏನಾತು? ನಮ್ಮ ಕಣ್ಣು ನೋಡೋದೂ ಹಂಗ ಅಲ್ಲೇನ್ರಿ? ಎಲ್ಲಾ ಕಡೆ ಚೂಪು ಇದ್ದ ಹುಳ ಮ್ಯೂಸಿಯಂ ಸೂಜಿಗೆ ಚುಚ್ಚಿದ ಹುಳದಂಗ ಕಾಣತದ.

ಇಬ್ಬನಿ_ಬೇಟೆ
ಫೇಡಾ ಸರ್, ಕೋನದ ಮಾತಿಗೆ ನನ್ನ ಎರಡೂ ಕೈ ಮೇಲೆ. ಸ್ಟ್ಯಾಕ್ ಮಾಡುವವರೂ ಮೊದಲು ಕೋನವನ್ನೇ ಸರಿ ಮಾಡಬೇಕು. ಕೋನ ಸರಿ ಇದ್ದರೆ 9 ಬೇಕಾದ ಕಡೆ 4 ಸಾಕು. ಮುಖಾಮುಖಿ ತೆಗೆದರೆ ಮಾತ್ರ ಪಾತಳಿ ಉಪಾಯ ನಡೆಯೋದಿಲ್ಲ. ದವಡೆ ಮುಂದೆ, ಕಣ್ಣು ಹಿಂದೆ, ನಡುವೆ ಒಂದು ಮಿ.ಮೀ. ಅಲ್ಲಿ 0.16 ಇಟ್ಟುಕೊಂಡು ಒಂದೇ ಫ್ರೇಮ್‌ನಲ್ಲಿ ಏನು ಮಾಡೋದು?

ಮ್ಯೂಸಿಯಂ ಹುಳದ ಮಾತಿಗೆ ಪೂರ್ತಿ ಒಪ್ಪಿಗೆ. ನಾನು ತಲೆ, ಎದೆವರೆಗೆ ಸ್ಟ್ಯಾಕ್ ಮಾಡಿ ನಿಲ್ಲಿಸುತ್ತೇನೆ. ಹೊಟ್ಟೆ ಮಸುಕಾಗಿಯೇ ಇರಲಿ.

ಮೊಬೈಲೇ_ಸಾಕು
ನನ್ನ ಹತ್ತಿರ ಫೋನ್, 300 ರೂಪಾಯಿ ಕ್ಲಿಪ್ ಲೆನ್ಸ್. ನಾನೂ ಆಟಕ್ಕುಂಟಾ, ಲೆಕ್ಕಕ್ಕಿಲ್ವಾ?

ಪಿಕ್ಸೆಲ್_ಪುಟ್ಟಿ
ಎರಡಕ್ಕೂ ಇದ್ದೀರಿ. ಫೋನ್ ಸೆನ್ಸರ್ ಚಿಕ್ಕದು. ಅದೇ ಹುಳವನ್ನು ಅದೇ ಗಾತ್ರಕ್ಕೆ ಚೌಕಟ್ಟಿನಲ್ಲಿ ತುಂಬಿಸಿದರೂ ಫೋನಿನಲ್ಲಿ ಆಳ ಜಾಸ್ತಿ ಸಿಗುತ್ತೆ. ಮೂರು ನಾಲ್ಕು ಫ್ರೇಮ್ ಸಾಕಾಗಬಹುದು. ಫೋಕಸ್ ಲಾಕ್ ಮಾಡಿ, ಎಕ್ಸ್‌ಪೋಷರ್ ಲಾಕ್ ಮಾಡಿ, ಫೋನನ್ನೇ ಸರಿಸಿ. ಫ್ಲ್ಯಾಶ್ ಇಲ್ಲದ ಕಾರಣ ಬೆಳಕು ಚೆನ್ನಾಗಿರುವ ಹೊತ್ತು ನೋಡಿಕೊಳ್ಳಿ.

ಇಬ್ಬನಿ_ಬೇಟೆ
ಊಟ ಆಯಿತು. ಫ್ಲ್ಯಾಶ್.

ಕೈಯಲ್ಲಿ ಹಿಡಿದ ಮ್ಯಾಕ್ರೋದಲ್ಲಿ ನಡುಕವನ್ನು ನಿಲ್ಲಿಸೋದು ಶಟರ್ ಅಲ್ಲ, ಫ್ಲ್ಯಾಶ್. 200ಡಿಯಲ್ಲಿ ಫ್ಲ್ಯಾಶ್ ಜೊತೆ ಶಟರ್ 1/200ರವರೆಗೆ. 2 ಪಟ್ಟು ವರ್ಧನೆಗೆ 1/200 ಏನೇನೂ ಸಾಲದು. ಆದರೆ ಐಎಸ್‌ಒ 100, ಎಫ್16, 1/200 ಇಟ್ಟರೆ ಬೆಳಗಿನ ಬೆಳಕು ಫೋಟೋದಲ್ಲಿ ಬೀಳೋದೇ ಇಲ್ಲ. ಫ್ಲ್ಯಾಶ್ ಇಲ್ಲದೆ ಒಂದು ಕ್ಲಿಕ್ ಮಾಡಿ ನೋಡಿ, ಪೂರ್ತಿ ಕಪ್ಪು ಬರಬೇಕು. ಹಾಗೆ ಬಂದರೆ ಚಿತ್ರ ಮೂಡೋದು ಫ್ಲ್ಯಾಶ್ ಮಿಂಚಿದ ಆ ಕ್ಷಣದಲ್ಲಿ ಮಾತ್ರ. ಟಿಟಿ600ರ ಮಿಂಚು ಪೂರ್ತಿ ಪವರ್‌ನಲ್ಲಿ ಸುಮಾರು 1/230 ಸೆಕೆಂಡ್, ಪವರ್ ಇಳಿಸುತ್ತಾ ಹೋದರೆ 1/20000ದವರೆಗೂ ಚಿಕ್ಕದಾಗುತ್ತೆ. ಪವರ್ ಕಮ್ಮಿ ಇಟ್ಟಷ್ಟೂ ಫೋಟೋ ಚೂಪು.

ಕಮ್ಮಿ ಪವರ್ ಇನ್ನೊಂದು ಕಾರಣಕ್ಕೂ ಬೇಕು. ಬರ್ಸ್ಟ್‌ನಲ್ಲಿ ಎರಡು ಫ್ರೇಮ್ ನಡುವೆ 0.2 ಸೆಕೆಂಡ್. ಪೂರ್ತಿ ಪವರ್ ಹೊಡೆದರೆ ಈ ಫ್ಲ್ಯಾಶ್ ತುಂಬಿಕೊಳ್ಳೋಕೆ ಎರಡೂವರೆ ಸೆಕೆಂಡಿಗೂ ಜಾಸ್ತಿ ಬೇಕು. 1/16ಕ್ಕೆ ಇಳಿಸಿದರೆ ಹೇಗೋ ಹೊಂದುತ್ತೆ. 1/32 ಆದರೆ ನಿಶ್ಚಿಂತೆ. ಮಾಮೂಲಿ ಆಲ್ಕಲೈನ್ ಸೆಲ್ ಹಾಕಬೇಡಿ, ರೀಚಾರ್ಜ್ ಆಗುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿ. ಬೇಗ ತುಂಬುತ್ತವೆ. ಬೆಳಕು ಸಾಲದಿದ್ದರೆ ಐಎಸ್‌ಒ 200, 400ಕ್ಕೆ ಏರಿಸಿ, ಪವರ್ ಏರಿಸಬೇಡಿ. ಒಂದೇ ಸಮ ಬರ್ಸ್ಟ್ ಹೊಡೆದರೆ ಫ್ಲ್ಯಾಶ್ ತಲೆ ಕಾಯುತ್ತೆ, ನಡುನಡುವೆ ಬಿಡುವು ಕೊಡಿ.

ಡಿಫ್ಯೂಸರ್. ಐಸ್‌ಕ್ರೀಮ್ ಡಬ್ಬ ತಪ್ಪಲ್ಲ. ಆದರೆ ಗೊದ್ದದ ಬೆನ್ನು ಪಾಲಿಶ್ ಹೊಡೆದ ಬೂಟಿನ ಹಾಗೆ. ಡಿಫ್ಯೂಸರ್ ಎಷ್ಟು ದೊಡ್ಡದೋ, ಎಷ್ಟು ಹತ್ತಿರವೋ ಅದೇ ಆಕಾರ ಅದರ ಮೈಮೇಲೆ ಕಾಣುತ್ತೆ. ನಿಮ್ಮ ಫೋಟೋದಲ್ಲಿ ಗೊದ್ದದ ತಲೆ ಮೇಲೆ ಚೌಕನೆಯ ಬಿಳಿ ಕಿಟಕಿ ಇದೆ ನೋಡಿ, ಅದು ಡಬ್ಬದ ತಳ. ಟಿವಿ ಪ್ಯಾಕಿಂಗ್‌ನಲ್ಲಿ ಬರುವ ತೆಳು ಬಿಳಿ ಫೋಮ್ ಹಾಳೆ ಇರುತ್ತಲ್ಲ, ಅದನ್ನು ಲೆನ್ಸ್ ಮೂತಿಯ ಸುತ್ತ ಕಮಾನಿನ ಹಾಗೆ ಬಗ್ಗಿಸಿ ಕಟ್ಟಿ. ಹುಳದ ತಲೆ ಮೇಲೆ ಕೊಡೆ ಹಿಡಿದ ಹಾಗೆ ಇರಬೇಕು. ಡಬ್ಬ ಒಳಗೆ ಇರಲಿ, ಫೋಮ್ ಹೊರಗೆ. ಎರಡು ಪದರ ಆದರೆ ಇನ್ನೂ ಮೃದು.

ಹಿನ್ನೆಲೆ ಕಪ್ಪಗಾಗುತ್ತೆ ಅನ್ನುವ ದೂರು ಬರುತ್ತೆ. ಹುಳದ ಹಿಂದೆ ಮೂರು ನಾಲ್ಕು ಸೆಂ.ಮೀ. ದೂರದಲ್ಲಿ ಅವರೆ ಎಲೆ ಬರುವ ಹಾಗೆ ಕೋನ ಹುಡುಕಿ. ಫ್ಲ್ಯಾಶ್ ಬೆಳಕು ಅದಕ್ಕೂ ಬಿದ್ದು ಹಸಿರಾಗುತ್ತೆ.

ಕರಾವಳಿ_ಮುಜಂಟಿ
ಫ್ಲ್ಯಾಶ್ ತೆಗೆದುಕೊಳ್ಳುವವರು ಒಂದು ನೋಡಿಕೊಳ್ಳಿ. ಕೆಲವು ಹೊಸ ಎಂಟ್ರಿ ಲೆವೆಲ್ ಬಾಡಿಗಳ ಹಾಟ್ ಶೂನಲ್ಲಿ (ಫ್ಲ್ಯಾಶ್ ಕೂರಿಸುವ ಜಾಗ) ನಡುವಿನ ದೊಡ್ಡ ಪಿನ್ ಇರುವುದೇ ಇಲ್ಲ. ಬರೀ ಮ್ಯಾನುವಲ್ ಫ್ಲ್ಯಾಶ್ ಅದರಲ್ಲಿ ಹೊತ್ತಿಕೊಳ್ಳುವುದಿಲ್ಲ. ನಾನು ನೋಡದೆ ತಂದು ಆಮೇಲೆ ತಲೆ ಮೇಲೆ ಕೈ ಇಟ್ಟುಕೊಂಡೆ. ಅಂಗಡಿಯವರಿಗೂ ಗೊತ್ತಿರಲಿಲ್ಲ.

ನಾನು ತೆಗೆಯುವುದು ಮುಜಂಟಿ ಜೇನು. ಮೂರು ನಾಲ್ಕು ಮಿ.ಮೀ. ಇರುತ್ತದೆ ಅಷ್ಟೆ. ಗೂಡಿನ ಮೇಣದ ಕೊಳವೆ ಬಾಯಲ್ಲಿ ಕಾವಲು ನೊಣಗಳು ಮುಖ ಹೊರಗೆ ಹಾಕಿ ಕೂತಿರುತ್ತವೆ. ಅವು ಅಲ್ಲಾಡುವುದು ಕಮ್ಮಿ, ಕಚ್ಚಿದರೂ ಕೊಂಡಿ ಇಲ್ಲ. ಕೈ ಗೂಡಿನ ಪೆಟ್ಟಿಗೆಗೆ ಒರಗಿಸಿ ತೆಗೆಯಬಹುದು. ಕಲಿಯುವವರಿಗೆ ಇಷ್ಟು ಒಳ್ಳೆಯ ಮಾಡೆಲ್ ಬೇರೆ ಇಲ್ಲ.

ಆರು_ಕಾಲು
ಇದೆ! ಹುಳಶಾಸ್ತ್ರ ಓದುತ್ತಿರುವ ನನಗೂ ಸ್ವಲ್ಪ ಜಾಗ ಕೊಡಿ.

ಅವರೆ ಅವರೇ (ಕ್ಷಮಿಸಿ, ತಡೆಯೋಕೆ ಆಗಲಿಲ್ಲ), ನೀವು ಮೊದಲನೇ ದಿನವೇ ಗೊದ್ದಕ್ಕೆ ಕೈ ಹಾಕಿದ್ದೀರಿ. ಆ ಗುಂಪಿನಲ್ಲಿ ಅಲ್ಲಾಡದವರು ಎಷ್ಟು ಜನ ಇದ್ದಾರೆ ನೋಡಿ. ಹೇನು ತನ್ನ ಸೂಜಿಯಂಥ ಬಾಯನ್ನು ಕಾಂಡದೊಳಗೆ ನೆಟ್ಟು ರಸ ಹೀರುತ್ತಿರುತ್ತೆ. ಬಾಯಿ ನೆಟ್ಟಿದ್ದಾಗ ಓಡೋಕೆ ಆಗಲ್ಲ. ಮಿರಿಮಿರಿ ಕಪ್ಪಗಿರೋದು ದೊಡ್ಡ ಹೇನು, ಎರಡು ಮಿ.ಮೀ. ಆಸುಪಾಸು. ಬೂದಿ ಬಣ್ಣದ ಮೇಣ ಮೆತ್ತಿದ ಹಾಗೆ ಕಾಣೋದು ಮರಿಗಳು. ಈ ಹೇನು ಮೊಟ್ಟೆ ಇಡೋದಿಲ್ಲ, ಹೆಣ್ಣು ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತೆ. ಹತ್ತು ನಿಮಿಷ ಒಂದೇ ಗುಂಪು ನೋಡುತ್ತಾ ಕೂತರೆ ಹಿಂಭಾಗ ಮೊದಲಾಗಿ ಮರಿ ಹೊರಗೆ ಬರೋದು ಸಿಕ್ಕರೂ ಸಿಗಬಹುದು.

ಇನ್ನೂ ಸುಲಭ ಬೇಕಾ? ಗುಂಪಿನ ಅಂಚಿನಲ್ಲಿ ಒಣಹುಲ್ಲಿನ ಬಣ್ಣದ, ಉಬ್ಬಿ ಗುಂಡಗಾದ ಹೇನು ಹುಡುಕಿ. ಅದನ್ನು ನಾವು ಮಮ್ಮಿ ಅನ್ನುತ್ತೇವೆ. ಪುಟಾಣಿ ಕಣಜ ಹೇನಿನ ಒಳಗೆ ಮೊಟ್ಟೆ ಇಟ್ಟು, ಅದರ ಮರಿ ಹೇನನ್ನು ಒಳಗಿನಿಂದ ತಿಂದು ಮುಗಿಸಿರುತ್ತೆ. ಉಳಿದದ್ದು ಎಲೆಗೆ ಅಂಟಿಕೊಂಡ ಬರೀ ಚಿಪ್ಪು. ಕೆಲವದರ ಹಿಂಭಾಗದಲ್ಲಿ ದುಂಡನೆಯ ತೂತು ಇರುತ್ತೆ, ಕಣಜ ಕತ್ತರಿಸಿಕೊಂಡು ಹೊರಟ ಬಾಗಿಲು. ಅದು ಅಲ್ಲಾಡೋದಿಲ್ಲ, ಮೀಸೆ ಬಡಿಯೋದಿಲ್ಲ. ಸ್ಟ್ಯಾಕ್ ಕೆಟ್ಟರೆ ತಪ್ಪು ಖಂಡಿತ ನಿಮ್ಮದೇ ಅಂತ ಗೊತ್ತಾಗುತ್ತೆ.

ಸೊಗಡು_ಅವರೆ
ಮಮ್ಮಿ ಸಿಕ್ಕಿತು!! ನಾನು ಅದನ್ನು ಇಷ್ಟು ದಿನ ಒಣಗಿದ ಹೇನು ಅಂದುಕೊಂಡಿದ್ದೆ. ತೂತಿನ ಮುಚ್ಚಳ ಇನ್ನೂ ಒಂದು ಕಡೆ ಅಂಟಿಕೊಂಡಿದೆ, ಪ್ರೆಶರ್ ಕುಕ್ಕರ್ ಮುಚ್ಚಳ ತೆರೆದಿಟ್ಟ ಹಾಗೆ. ನಾಳೆ ತೆಗೆಯುತ್ತೇನೆ.

ಗೊದ್ದ ಮಾತ್ರ ಬಿಡೋಕೆ ಮನಸ್ಸಿಲ್ಲ. ಗೆಳೆಯನೊಬ್ಬ ಹೇಳಿದ, ಹಿಡಿದು ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಮಂಕಾಗಿ ಕೂರುತ್ತೆ ಅಂತ. ಮಾಡಬಹುದಾ?

ಕರಾವಳಿ_ಮುಜಂಟಿ
ಬೇಡ ಮಾರಾಯ್ರೆ.

ಆರು_ಕಾಲು
ಲ್ಯಾಬಿನಲ್ಲಿ ತಣ್ಣಗೆ ಮಾಡೋದು ಇದೆ, ಸುಳ್ಳು ಹೇಳೋದಿಲ್ಲ. ಫೋಟೋಗೆ ಅಂತ ಮಾಡಿದರೆ ಗೊತ್ತಾಗಿಬಿಡುತ್ತೆ. ಕಾಲು ಮಡಚಿಕೊಂಡು, ಮೀಸೆ ಜೋತುಬಿದ್ದು, ಎಲೆ ಹಿಡಿದುಕೊಳ್ಳದೆ ಸುಮ್ನೆ ಮೇಲೆ ಇಟ್ಟ ಹಾಗೆ ಕಾಣುತ್ತೆ. ಹುಳ ಗೊತ್ತಿರುವ ಯಾರಿಗಾದರೂ ಒಂದು ನೋಟ ಸಾಕು.

ಧಾರವಾಡ_ಫೇಡಾ
ನಾನೊಂದು ವರ್ಕ್‌ಶಾಪ್‌ಗೆ ರೊಕ್ಕ ಕೊಟ್ಟು ಹೋಗಿದ್ದೆ. ಕಲಿಸವ್ರು ಟಿಫಿನ್ ಡಬ್ಬ್ಯಾಗ ಐಸ್ ಇಟಗೊಂಡು ಹುಳ ತಂದಿದ್ರು. ಎಲ್ಲಾರ ಕ್ಯಾಮೆರಾದಾಗೂ ಒಂದ ಹುಳ, ಒಂದ ಎಲಿ, ಒಂದ ಭಂಗಿ. ಸಂಜಿಗೆ ಮೂವತ್ತು ಮಂದಿ ಒಂದ ಫೋಟೋ ಹಾಕಿದ್ರು. ಅವತ್ತಿನಿಂದ ಆ ಕಡೆ ಹೋಗಿಲ್ಲ.

ಇಬ್ಬನಿ_ಬೇಟೆ
ಫ್ರಿಜ್ ಕೆಲಸವನ್ನು ಮಾಗಡಿಯ ಚಳಿ ಪುಕ್ಕಟೆ ಮಾಡಿಕೊಡುತ್ತೆ. ಬೆಳಗ್ಗೆ ಆರೂಕಾಲಿಗೆ ಹೋಗಿ. ಬಿಸಿಲು ಎಲೆ ಮುಟ್ಟೋವರೆಗೆ ಹುಳಗಳಿಗೆ ಮೈ ಕಾಯಿಸಿಕೊಳ್ಳೋಕೆ ಆಗಲ್ಲ, ನಿಧಾನ ಇರುತ್ತವೆ. ನಿಮಗೆ ಸಿಗೋದು ಮುಕ್ಕಾಲು ಗಂಟೆ.

ಇನ್ನೊಂದು ಉಪಾಯ, ಗೊದ್ದಕ್ಕೆ ಮಾತ್ರ. ಹೇನಿನ ಹನಿ ಬಾಯಿಗೆ ತೆಗೆದುಕೊಂಡಾಗ ಅದು ಮೂರು ನಾಲ್ಕು ಸೆಕೆಂಡು ಕಲ್ಲಿನ ಹಾಗೆ ನಿಲ್ಲುತ್ತೆ. ಮೀಸೆ ಬಡಿಯುತ್ತಾ ಬಡಿಯುತ್ತಾ ಥಟ್ ಅಂತ ನಿಂತಿತು ಅಂದರೆ ಹನಿ ಬಂತು ಅಂತ ಅರ್ಥ. ಆ ಕ್ಷಣಕ್ಕೆ ಮುಂಚೆಯೇ ಫೋಕಸ್ ಅಂಚಿನಲ್ಲಿ ಕಾದು ಕೂತಿರಬೇಕು. ನಿಮಗೆ ಎರಡು ಸೆಕೆಂಡು ಸಾಕು ಅಂದೆನಲ್ಲ.

ಪಿಕ್ಸೆಲ್_ಪುಟ್ಟಿ
ಮನೆಗೆ ಬಂದ ಮೇಲಿನ ಕೆಲಸ ನನ್ನ ಪಾಲಿಗೆ ಇರಲಿ.

ಮೊದಲು ಆರಿಸಿ. ಬರ್ಸ್ಟ್‌ನ ಎಲ್ಲಾ ಫ್ರೇಮ್ ಹಾಕಬೇಡಿ. ಎಲ್ಲೂ ಫೋಕಸ್ ಇಲ್ಲದ ಫ್ರೇಮ್ ಒಂದು ಸೇರಿದರೂ ಅದರ ಮಸುಕು ಅಂಚಿನಲ್ಲಿ ಬಂದು ಕೂರುತ್ತೆ. ಆಮೇಲೆ ಜೋಡಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಸರಿಸುವ ಜಾರುಪಟ್ಟಿ (ಫೋಕಸ್ ರೈಲ್) ಇಟ್ಟು ತೆಗೆದವರಿಗೆ ಫೈಲ್ ನಂಬರ್ ಕ್ರಮವೇ ಫೋಕಸ್ ಕ್ರಮ. ಕೈಯಲ್ಲಿ ತೆಗೆದವರದು ಹಾಗಲ್ಲ. ಮೂರನೇ ಫ್ರೇಮ್‌ನಲ್ಲಿ ನೀವು ಹಿಂದೆ ಓಲಾಡಿರುತ್ತೀರಿ. ಹತ್ತಿರದಿಂದ ದೂರಕ್ಕೆ ಸರಿಯಾಗಿ ಸಾಲಿಗೆ ನಿಲ್ಲಿಸಿ ಹೆಸರು ಬದಲಿಸಿ. ಹೆಲಿಕಾನ್‌ನ ಮೆಥಡ್ ಬಿ, ಝೆರೀನ್‌ನ ಡಿಮ್ಯಾಪ್ (ಎರಡೂ ಸ್ಟ್ಯಾಕ್ ಮಾಡುವ ಸಾಫ್ಟ್‌ವೇರ್‌ಗಳ ವಿಧಾನಗಳು), ಎರಡಕ್ಕೂ ಕ್ರಮ ತಪ್ಪಿದರೆ ಹೊಟ್ಟೆನೋವು.

ಯಾವ ವಿಧಾನ? ನಯವಾದ ಬೆನ್ನು, ಕಣ್ಣು, ಹಿನ್ನೆಲೆಗೆ ಡಿಮ್ಯಾಪ್ ಅಥವಾ ಮೆಥಡ್ ಬಿ ಚಂದ. ಬಣ್ಣ ಕೆಡೋದಿಲ್ಲ. ಒಂದರ ಮೇಲೊಂದು ಹಾದುಹೋಗುವ ಕೂದಲು, ಕಾಲು, ಮೀಸೆ ಇದ್ದರೆ ಝೆರೀನ್‌ನ ಪಿಮ್ಯಾಕ್ಸ್ ಅಥವಾ ಹೆಲಿಕಾನ್‌ನ ಮೆಥಡ್ ಸಿ. ಇವು ಚಿತ್ರದ ಒರಟು ಚುಕ್ಕೆಗಳನ್ನೂ (ನಾಯ್ಸ್) ಎತ್ತಿ ತೋರಿಸುತ್ತವೆ, ಕಾಂಟ್ರಾಸ್ಟ್ ಒರಟಾಗುತ್ತೆ. ನಾನು ಎರಡನ್ನೂ ಮಾಡುತ್ತೇನೆ. ಡಿಮ್ಯಾಪ್ ಕೆಳಗೆ, ಪಿಮ್ಯಾಕ್ಸ್ ಮೇಲೆ, ಕೂದಲಿನ ಜಾಗ ಮಾತ್ರ ಬ್ರಷ್‌ನಿಂದ ತೆರೆಯುತ್ತೇನೆ. ತಲೆ ಸುತ್ತಲಿನ ಬೆಳಕಿನ ಅಂಚೂ ಹೀಗೆ ಬಹಳಷ್ಟು ಹೋಗುತ್ತೆ.

ದುಡ್ಡು ಬೇಡ ಅನ್ನುವವರಿಗೆ ಹ್ಯೂಗಿನ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಜೊತೆ ಬರುವ ಅಲೈನ್ ಇಮೇಜ್ ಸ್ಟ್ಯಾಕ್, ಎನ್‌ಫ್ಯೂಸ್ ಇವೆ. ಎನ್‌ಫ್ಯೂಸ್‌ನಲ್ಲಿ ಎಕ್ಸ್‌ಪೋಷರ್ ವೇಟ್ 0, ಸ್ಯಾಚುರೇಶನ್ ವೇಟ್ 0, ಕಾಂಟ್ರಾಸ್ಟ್ ವೇಟ್ 1, ಜೊತೆಗೆ ಹಾರ್ಡ್ ಮಾಸ್ಕ್. ಕಮಾಂಡ್ ಬರೆಯುವ ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಬೇಕು, ಆದರೆ ಹೆದರಬೇಡಿ, ಒಂದು ಸಲ ಬರೆದಿಟ್ಟುಕೊಂಡರೆ ಆಯಿತು.

ಬದಿಯ ಗೆರೆಗಳು ಬರೋದು ಅಲೈನ್ ಮಾಡುವಾಗ ಫ್ರೇಮ್‌ಗಳು ಸರಿದು ಅಂಚಿನಲ್ಲಿ ಖಾಲಿ ಬಿಡೋದರಿಂದ. ತೆಗೆಯುವಾಗಲೇ ಸುತ್ತ ಐದರಲ್ಲೊಂದು ಪಾಲು ಜಾಗ ಬಿಟ್ಟು, ಆಮೇಲೆ ಕತ್ತರಿಸಿ. ಪಕ್ಕಕ್ಕೆ ಸರಿದದ್ದು, ತಿರುಗಿದ್ದು, ದೊಡ್ಡದು ಚಿಕ್ಕದಾಗಿದ್ದು ಎಲ್ಲವನ್ನೂ ಸಾಫ್ಟ್‌ವೇರ್ ಸರಿಮಾಡುತ್ತೆ. ನೀವು ಹುಳದ ಸುತ್ತ ವಾಲಿ ನೋಡಿದ ಕೋನವೇ ಬದಲಾದರೆ ಮಾತ್ರ ಏನೂ ಮಾಡೋಕಾಗಲ್ಲ. ಮುಂದಿನ ಕಾಲಿನ ಹಿಂದೆ ಅಡಗಿದ್ದದ್ದು ಒಂದು ಫ್ರೇಮ್‌ನಲ್ಲಿ ಕಾಣುತ್ತೆ, ಇನ್ನೊಂದರಲ್ಲಿ ಇಲ್ಲ. ಅದಕ್ಕೇ ನೇರವಾಗಿ ಮುಂದೆ ಹೋಗಬೇಕು, ವಾಲಬಾರದು.

ಕೊನೆಗೆ ಮೀಸೆ. ಅಲ್ಲಾಡಿದ ಮೀಸೆಯನ್ನು ಸ್ಟ್ಯಾಕ್ ಮಾಡೋಕೆ ಹೋಗಬೇಡಿ. ಯಾವ ಒಂದು ಫ್ರೇಮ್‌ನಲ್ಲಿ ಮೀಸೆ ಚೆನ್ನಾಗಿ ಕಾಣುತ್ತೋ ಅದರಿಂದಲೇ ಪೂರ್ತಿ ಮೀಸೆ ತನ್ನಿ. ಉಳಿದ ಫ್ರೇಮ್‌ಗಳದ್ದನ್ನು ಹಿನ್ನೆಲೆಯಿಂದ ಮುಚ್ಚಿ. ತುದಿ ಸ್ವಲ್ಪ ಮಸುಕಿರಲಿ. ನಾಲ್ಕು ಮೀಸೆಗಿಂತ ಮಸುಕು ಮೀಸೆ ವಾಸಿ ಅಲ್ವಾ?

ಮೊಬೈಲೇ_ಸಾಕು
ಇದು ಮೋಸ ಅಲ್ವಾ? ಸ್ಪರ್ಧೆಗೆ ಕಳಿಸಿದರೆ ಒಪ್ಪುತ್ತಾರಾ?

ಇಬ್ಬನಿ_ಬೇಟೆ
ಪಿಎಸ್‌ಎ, ಎಫ್‌ಐಎಪಿ ಅನ್ನೋ ಫೋಟೋಗ್ರಫಿ ಸಂಸ್ಥೆಗಳು ಜೊತೆಯಾಗಿ ಒಪ್ಪಿಕೊಂಡಿರುವ ನೇಚರ್ (ನಿಸರ್ಗ ಫೋಟೋ) ವ್ಯಾಖ್ಯೆಯಲ್ಲಿ ಫೋಕಸ್ ಸ್ಟ್ಯಾಕಿಂಗ್‌ಗೆ ಅವಕಾಶ ಇದೆ. ಇಲ್ಲದ್ದನ್ನು ಸೇರಿಸೋದು, ಇದ್ದದ್ದನ್ನು ತೆಗೆಯೋದು ಇಲ್ಲ. ಅದೇ ಇರುವೆಯ ಅದೇ ಮೀಸೆಯನ್ನು ಅದೇ ಸ್ಟ್ಯಾಕಿನ ಫ್ರೇಮ್‌ನಿಂದ ತರೋದಕ್ಕೂ ಬೇರೆ ಇರುವೆ ತಂದು ಕೂರಿಸೋದಕ್ಕೂ ವ್ಯತ್ಯಾಸ ಇದೆ. ಆದರೂ ಪ್ರತಿ ಸ್ಪರ್ಧೆಯ ನಿಯಮ ಓದಿಯೇ ಕಳಿಸಿ, ಮೂಲ ಫ್ರೇಮ್‌ಗಳನ್ನು ಅಳಿಸಬೇಡಿ.

ಕರಾವಳಿ_ಮುಜಂಟಿ
ಕ್ಯಾಮೆರಾದ ಒಳಗೇ ಸ್ಟ್ಯಾಕ್ ಮಾಡುವ ಬಾಡಿ ತೆಗೆದುಕೊಂಡರೆ ಈ ಎಡಗೈ ಕಸರತ್ತು ತಪ್ಪುತ್ತದಾ? ಒಎಂ ಸಿಸ್ಟಮ್‌ನಲ್ಲಿ 15 ಫ್ರೇಮ್‌ವರೆಗೆ ಅದೇ ಜೋಡಿಸಿ ಕೊಡುತ್ತದಂತೆ.

ಇಬ್ಬನಿ_ಬೇಟೆ
ಕೊಡುತ್ತೆ, ಚೆನ್ನಾಗಿಯೇ ಕೊಡುತ್ತೆ. 1 ಪಟ್ಟಿನವರೆಗೆ ನಿಂತ ಹುಳಕ್ಕೆ ಸುಖ. 2 ಪಟ್ಟಿಗೆ ಬಂದರೆ ಕ್ಯಾಮೆರಾ ಲೆನ್ಸ್ ಒಳಗೆ 0.1 ಮಿ.ಮೀ. ಹೆಜ್ಜೆ ಇಡುವಾಗ ನಿಮ್ಮ ಮೈ 1 ಮಿ.ಮೀ. ಓಲಾಡಿರುತ್ತೆ. ಕಸರತ್ತು ತಪ್ಪಲ್ಲ. ದುಡ್ಡು ಇದ್ದರೆ ತಗೊಳ್ಳಿ, ಎಡಗೈ ಮಾತ್ರ ಬಿಡಬೇಡಿ.

ಸೊಗಡು_ಅವರೆ
ಮೂರು ದಿನದ ವರದಿ.

ಮೊದಲ ದಿನ ಮಮ್ಮಿ. 11 ಸಲ ಹೋದೆ, ಎರಡು ಸಲದ್ದು ಸರಿ ಬಂತು. 6 ಫ್ರೇಮ್ ಸ್ಟ್ಯಾಕ್. ತೂತಿನ ಅಂಚು ಹಲ್ಲುಹಲ್ಲಾಗಿ ಕತ್ತರಿಸಿರೋದೂ ಕಾಣುತ್ತಿದೆ. ಅಂಗೈ ಒತ್ತೋದು ಗೊತ್ತಾಗೋಕೆ ಒಂದು ಗಂಟೆ ಹಿಡಿಯಿತು. ಮೊದಮೊದಲು ನಾನು ಲೆನ್ಸ್ ಒತ್ತುವಾಗ ಕಾಂಡವನ್ನೂ ಎಳೆಯುತ್ತಿದ್ದೆ, ಎರಡೂ ಒಟ್ಟಿಗೆ ಮುಂದೆ ಹೋಗಿ ಫೋಕಸ್ ಇದ್ದಲ್ಲೇ ಇರುತ್ತಿತ್ತು! ಬೆರಳು ಗಟ್ಟಿ, ಅಂಗೈ ಸಡಿಲ. ಅದು ಹೊಳೆದ ಮೇಲೆ ಸರಿಹೋಯಿತು.

ಎರಡನೇ ದಿನ ಗೊದ್ದ. ಟಿವಿ ಫೋಮ್ ಕಟ್ಟಿಕೊಂಡು ಹೋದೆ. ಹನಿಗೆ ಕಾದು ಕೂತೆ. ಕಾಲು ಜೋಮು ಹಿಡಿಯಿತು. ಒಂದು ಸಲ ಥಟ್ ಅಂತ ನಿಂತಿತು, ನಾನು ಖುಷಿಯಲ್ಲಿ ಉಸಿರು ಬಿಡೋದು ಮರೆತೆ. ಇನ್ನೊಂದು ಸಲ ಸಿಕ್ಕಿತು. 7 ಫ್ರೇಮ್. ಕಣ್ಣಿನ ಜಾಲರಿ, ದವಡೆ ನಡುವೆ ಸಿಕ್ಕಿಕೊಂಡ ಹನಿ, ಹನಿಯೊಳಗೆ ತಲೆಕೆಳಗಾದ ಅವರೆ ಹೂವು. ಬಲ ಮೀಸೆ ಇನ್ನೂ ಒಂಚೂರು ಎರಡಾಗಿ ಕಾಣುತ್ತೆ, ನಾನು ಸರಿಮಾಡಿಲ್ಲ. ಹೇಗಿದೆ ಹೇಳಿ.

ಮೂರನೇ ದಿನದ್ದು ಆಮೇಲೆ ಹೇಳುತ್ತೇನೆ.

ಪಿಕ್ಸೆಲ್_ಪುಟ್ಟಿ
ಹನಿ!! ಆ ಹನಿಯನ್ನು ಮಾತ್ರ ಒಂದೇ ಫ್ರೇಮ್‌ನಿಂದ ತಂದಿದ್ದೀರಾ? ಪಿಮ್ಯಾಕ್ಸ್‌ಗೆ ಬಿಟ್ಟಿದ್ದರೆ ಹೂವು ಕಲಸಿಹೋಗುತ್ತಿತ್ತು.

ಸೊಗಡು_ಅವರೆ
ನಾಲ್ಕನೇ ಫ್ರೇಮ್‌ನಿಂದ. ನೀವು ಮೀಸೆಗೆ ಹೇಳಿದ್ದನ್ನು ಹನಿಗೆ ಮಾಡಿದೆ.

ಧಾರವಾಡ_ಫೇಡಾ
ಹೊಟ್ಟಿ ಮಸುಕು ಬಿಟ್ಟೀರಿ. ಶಾಣ್ಯಾ ಇದ್ದೀರಿ.

ಇಬ್ಬನಿ_ಬೇಟೆ
ಬೆನ್ನ ಮೇಲೆ ಚೌಕ ಕಿಟಕಿ ಹೋಗಿ ಉದ್ದ ಹೊಳಪು ಬಂದಿದೆ, ಅದೇ ಬೇಕಾಗಿದ್ದು. ಫೋಮ್ ಎಡಗಡೆ ಇನ್ನು ಎರಡು ಬೆರಳು ಕೆಳಗೆ ತನ್ನಿ, ದವಡೆ ಕೆಳಗಿನ ಕತ್ತಲು ತೆರೆಯುತ್ತೆ. ಮೂರನೇ ದಿನ ಏನಾಯಿತು?

ಸೊಗಡು_ಅವರೆ
ಆರೂಕಾಲಿಗೆ ಹೋದೆ. ನನಗಿಂತ ಮುಂಚೆ ಅಮ್ಮ ಎದ್ದಿದ್ದರು. ಇಬ್ಬನಿ ಇರುವಾಗಲೇ ಹಾಕಿದರೆ ಅಂಟಿಕೊಳ್ಳುತ್ತೆ ಅಂತ ನಾಲ್ಕೂ ಸಾಲಿಗೆ ಒಲೆ ಬೂದಿ ಎರಚಿಬಿಟ್ಟಿದ್ದಾರೆ. "ವಾರ ಅಂದೆ, ಎಂಟು ದಿನ ಆಯಿತು" ಅಂದರು. ಲೆಕ್ಕ ಸರಿ ಇತ್ತು, ಮಾತಾಡಲಿಲ್ಲ.

ಹೇನೆಲ್ಲ ಬೆಳ್ಳಗೆ. ಗೊದ್ದ ಒಂದೇ ಒಂದು ಉಳಿದಿತ್ತು. ಎಲೆ ಮೇಲೆ ಕೂತು ಮುಂಗಾಲಿನಿಂದ ಮೀಸೆಯ ಬೂದಿ ಒರೆಸಿಕೊಳ್ಳುತ್ತಿತ್ತು. ಒಂದು ಮೀಸೆ ಕಾಲಿನ ಸಂದಿಗೆ ಸಿಕ್ಕಿಸಿ, ಎಳೆದು, ನಿಂತು. ಮತ್ತೆ ಎಳೆದು, ನಿಂತು. ಆ ನಿಂತ ಹೊತ್ತಿಗೆ 5 ಫ್ರೇಮ್ ಸಿಕ್ಕಿದೆ. ಕಣ್ಣಿನ ಮೇಲೆ ಬೂದಿಯ ಒಂದು ಕಾಳು ಕೂತಿದೆ. ಕಂಪ್ಯೂಟರಿನಲ್ಲಿ ಜೋಡಿಸುತ್ತಿದೆ, ಮುಗಿದ ಮೇಲೆ ಹಾಕುತ್ತೇನೆ.

ಆರು_ಕಾಲು
ಬೇಗ ಹಾಕಿ. ಮುಂಗಾಲಿನ ಆ ಸಂದಿಯಲ್ಲಿ ಬಾಚಣಿಗೆ ಇರುತ್ತೆ, ಮೀಸೆ ಬಾಚೋಕೆ ಅಂತಲೇ. ಅದು ಫೋಕಸ್‌ನಲ್ಲಿ ಇದೆಯಾ ನೋಡಿ.

ಸೊಗಡು_ಅವರೆ
ಮೂರನೇ ಫ್ರೇಮ್‌ನಲ್ಲಿ ಇದೆ. ಹಲ್ಲು ಎಣಿಸಬಹುದು.